ಬಾಕಿ ಚೀಟಿ ತಪ್ಪಿದಾಗ: ಕ್ವೆರಿ ಮತ್ತು ಫಂಕ್ಷನ್‌ಗಳ ದೋಷ ಹುಡುಕುವ ದಾರಿ

ಏಪ್ರಿಲ್ ಮೊದಲ ವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘ ಉಂಟು. ಅಡಿಕೆ ಕೊಟ್ಟವರಿಗೆ ಎಷ್ಟು ದುಡ್ಡು ಬರಬೇಕು ಎಂದು ಬಾಕಿ ಚೀಟಿ ಅಚ್ಚು ಮಾಡಿ ಕೊಡುತ್ತಾರೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಮಾತಾಡಿದಳು.

"ಅಣ್ಣಾ, ಬಾಕಿ ಚೀಟಿ ಸರಿ ಬರ್ತಾ ಇಲ್ಲ. ಕೆಲವರದ್ದು ಖಾಲಿ. ಕೆಲವರದ್ದು ಡಬಲ್. ಮಾಷ್ಟ್ರು ಚೀಟಿ ಹಿಡ್ಕೊಂಡು ಎದುರೇ ಕೂತಿದ್ದಾರೆ. ಎಂತ ಹೇಳ್ಲಿ?"

"ಮಾಷ್ಟ್ರಿಗೆ ಚಹಾ ಕೊಡು, ಅರ್ಧ ಗಂಟೆಯಲ್ಲಿ ಬರ್ತೇನೆ" ಅಂದೆ. ಹೋದವನು ಎದ್ದದ್ದು ಸಂಜೆಗೆ. ಒಂದೇ ದೋಷ ಅಂದುಕೊಂಡದ್ದು ಬಿಡಿಸುತ್ತಾ ಹೋದಂತೆ ಐದಾರು ಆಯ್ತು. ಎಲ್ಲವೂ ಬೇರೆ ಬೇರೆ ಜಾತಿಯವು. ಇಂಥ ಲೆಕ್ಕ ನೋಡಿಕೊಳ್ಳುವವರು ನಮ್ಮ ಕಡೆ ತುಂಬ ಜನ ಇದ್ದಾರೆ. ಹಾಲಿನ ಸಂಘ, ಸಹಕಾರ ಸಂಘ, ಶಾಲೆಯ ಆಫೀಸು, ಎಲ್ಲ ಕಡೆಯೂ. ಅವರಿಗೆ ಉಪಯೋಗ ಆಗಲಿ ಎಂದು ಆ ದಿನ ಹುಡುಕಿದ ಕ್ರಮವನ್ನೇ ಬರೆಯುತ್ತಿದ್ದೇನೆ.

ಲೆಕ್ಕ ಇಟ್ಟಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶ. ಅದಕ್ಕೆ ಕೇಳುವ ಪ್ರಶ್ನೆಯೇ ಕ್ವೆರಿ. ಟೇಬಲ್ ನಾಲ್ಕು: ಸದಸ್ಯ, ಖರೀದಿ, ಮುಂಗಡ, ಸಾಗಾಟ_ದರ. ಚೀಟಿ ತಯಾರಿಸುವುದು ಬಾಕಿ_ಲೆಕ್ಕ ಎಂಬ ಫಂಕ್ಷನ್, ಅಂದರೆ ಹೆಸರು ಕೊಟ್ಟು ಡೇಟಾಬೇಸಿನೊಳಗೆ ಇಟ್ಟ ಆಜ್ಞೆಗಳ ಗುಂಪು. ಸದಸ್ಯರ ನಂಬರ್ ಮತ್ತು ಎರಡು ದಿನಾಂಕ ಕೊಟ್ಟರೆ ಖರೀದಿಯ ಮೊತ್ತದಿಂದ ಮುಂಗಡ ಮತ್ತು ಸಾಗಾಟ ಕಳೆದು ಒಂದು ಸಾಲಿನ ಚೀಟಿ ಕೊಡುತ್ತದೆ. ಟೇಬಲ್, ಕಾಲಂಗಳಿಗೆ ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದಲ್ಲೇ ಹೆಸರಿಡಬಹುದು. ಒಂದು ಹೆಸರು 63 ಬೈಟ್ ಮೀರಬಾರದು ಅಷ್ಟೇ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಹಾಗಾಗಿ 21 ಚಿಹ್ನೆ ಸಿಗುತ್ತದೆ. ಉದ್ದ ಜಾಸ್ತಿಯಾದರೆ ಅದು ಹೆಸರನ್ನು ಕತ್ತರಿಸಿ ಇಟ್ಟುಕೊಳ್ಳುತ್ತದೆ. ಇಲ್ಲಿ ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಆಜ್ಞೆಯ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ಮೊದಲು ಒಬ್ಬರ ಚೀಟಿ ಹಿಡಿಯಿರಿ

"ಲೆಕ್ಕ ಸರಿ ಬರ್ತಾ ಇಲ್ಲ" ಎಂಬ ದೂರಿನಿಂದ ಎಂತದೂ ಹುಡುಕಲಿಕ್ಕೆ ಆಗುವುದಿಲ್ಲ. ಯಾರ ಚೀಟಿ? ಎಷ್ಟು ಬರಬೇಕಿತ್ತು? ಎಷ್ಟು ಬಂತು? ಈ ಮೂರಕ್ಕೆ ಉತ್ತರ ಸಿಗುವ ತನಕ ನಾನು ಫಂಕ್ಷನ್ ತೆರೆದೇ ನೋಡುವುದಿಲ್ಲ. ಅಂದು ಒಂದು ಕಾಗದದಲ್ಲಿ ಮೂವರನ್ನು ಬರೆದುಕೊಂಡೆವು. ಚೀಟಿ ಖಾಲಿ ಬಂದವರು ಒಬ್ಬರು. ಜಾಸ್ತಿ ಬಂದವರು ಒಬ್ಬರು, ಅವರೇ ಮಾಷ್ಟ್ರು. ಕೊನೆಯ ದಿನದ ಅಡಿಕೆ ಬಿಟ್ಟುಹೋದವರು ಇನ್ನೊಬ್ಬರು. ಮೂವರ ರಸೀದಿ ಪುಸ್ತಕ ತೆಗೆದು, ಕೈಯಲ್ಲೇ ಕೂಡಿಸಿ, ಸರಿಯಾದ ಮೊತ್ತ ಪಕ್ಕದಲ್ಲಿ ಬರೆದೆವು. ಇದಕ್ಕೆ ಹತ್ತು ನಿಮಿಷ ಸಾಕು. ದಿನವಿಡೀ ಉಪಯೋಗಕ್ಕೆ ಬಂದದ್ದು ಈ ಕಾಗದವೇ.

ಆಮೇಲೆ ಫಂಕ್ಷನ್‌ನ ಒಳಗಿರುವ ಕ್ವೆರಿಯನ್ನು ಹೊರಗೆ ತನ್ನಿ. ಫಂಕ್ಷನ್‌ಗೆ ಕೊಡುವ ಮೌಲ್ಯದ ಹೆಸರು ಇರುವಲ್ಲಿ ನಿಜವಾದ ನಂಬರ್ ಹಾಕಿ ಸುಮ್ನೆ ಓಡಿಸಿ. ಹೊರಗೂ ತಪ್ಪು ಬಂದರೆ ದೋಷ ಕ್ವೆರಿಯಲ್ಲೋ ಡೇಟಾದಲ್ಲೋ ಇದೆ. ಹೊರಗೆ ಸರಿ ಬಂದು ಒಳಗೆ ಮಾತ್ರ ತಪ್ಪಿದರೆ ಫಂಕ್ಷನ್‌ನ ಬರವಣಿಗೆಯಲ್ಲಿದೆ. ಎಲ್ಲಿ ಅಗೆಯಬೇಕು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಫಂಕ್ಷನ್ ಏನನ್ನಾದರೂ ಬರೆಯುವ, ಅಳಿಸುವ ಜಾತಿಯದ್ದಾದರೆ ಮೊದಲು ಬಿಗಿನ್ ಕೊಡಿ. ನೋಡಿಯಾದ ಮೇಲೆ ರೋಲ್‌ಬ್ಯಾಕ್ ಕೊಡಿ, ನಡುವೆ ಮಾಡಿದ್ದೆಲ್ಲ ರದ್ದಾಗುತ್ತದೆ. ನಿಜವಾದ ಲೆಕ್ಕದ ಮೇಲೆ ಪರೀಕ್ಷೆ ಮಾಡುವಾಗ ಈ ಎರಡನ್ನು ಯಾವತ್ತೂ ಬಿಡಬೇಡಿ.

ಇನ್ನೊಂದು ಕೆಲಸವನ್ನೂ ಶುರುವಿನಲ್ಲೇ ಮಾಡಿ. ನಮ್ಮ ಫಂಕ್ಷನ್‌ನ ತಳದಲ್ಲಿ ಹೀಗಿತ್ತು:

ಎಕ್ಸೆಪ್ಷನ್ ವೆನ್ ಅದರ್ಸ್ ದೆನ್ ರಿಟರ್ನ್ ನಲ್;

ಒಳಗೆ ಎಂಥ ತಪ್ಪು ಬಂದರೂ ಹೇಳಬೇಡ, ಸುಮ್ಮನೆ ನಲ್ ಕೊಟ್ಟುಬಿಡು ಎಂದು ಇದರ ಅರ್ಥ. ಚೀಟಿ ಅಚ್ಚಾಗುವುದು ನಿಲ್ಲಬಾರದು ಎಂದು ಹಿಂದೆ ಬರೆದವರು ಹಾಕಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಈ ಸಾಲು ಇರುವ ತನಕ ಒಳಗಿನ ತಪ್ಪಿನ ಸುದ್ದಿ ನಮ್ಮ ಕಿವಿಗೆ ಬೀಳುವುದಿಲ್ಲ. ಅದನ್ನು ತೆಗೆದ ಮೇಲೆಯೇ ಹುಡುಕಲು ಶುರು ಮಾಡಿ.

ಖಾಲಿ ಚೀಟಿ

ಖಾಲಿ ಅಂದರೆ ಸೊನ್ನೆ ಅಲ್ಲ. ಸೊನ್ನೆ ಬಂದಿದ್ದರೆ "ಬಾಕಿ: 0" ಎಂದಾದರೂ ಅಚ್ಚಾಗುತ್ತಿತ್ತು. ಪೂರ್ತಿ ಖಾಲಿ ಬಂದರೆ ಒಳಗೆಲ್ಲೋ ನಲ್ ಸೇರಿಕೊಂಡಿದೆ. ನಲ್ ಅಂದರೆ "ಗೊತ್ತಿಲ್ಲ". 90,000 ದಿಂದ ಗೊತ್ತಿಲ್ಲದ್ದನ್ನು ಕಳೆದರೆ ಉತ್ತರವೂ ಗೊತ್ತಿಲ್ಲ. "ಬಾಕಿ: " ಎಂಬ ಪದಕ್ಕೆ ಎರಡು ಗೀಟಿನ ಚಿಹ್ನೆಯಿಂದ ನಲ್ ಜೋಡಿಸಿದರೆ ಆ ಪದವೂ ಮಾಯ. ಹೀಗೆ ಒಂದು ಕಡೆ ಸೇರಿದ ನಲ್ ಇಡೀ ಚೀಟಿಯನ್ನು ಅಳಿಸಿತು.

ನಲ್ ಬರುವ ದಾರಿ ಕೆಲವೇ. ಒಂದೂ ಸಾಲು ಸಿಗದಿದ್ದರೆ ಕೂಡಿಸುವ ಆಜ್ಞೆ ಸಮ್ ಕೊಡುವುದು ಸೊನ್ನೆಯಲ್ಲ, ನಲ್. ಮುಂಗಡವನ್ನೇ ತೆಗೆಯದ ಸದಸ್ಯರಿಗೆ ಹೀಗಾಗುತ್ತದೆ. ಕೊಅಲೆಸ್(ಸಮ್(ಮೊತ್ತ), 0) ಎಂದು ಬರೆದರೆ ಸರಿ, ನಲ್ ಬಂದಲ್ಲಿ ಸೊನ್ನೆ ಸಿಗುತ್ತದೆ. ಇನ್ನೊಂದು ದಾರಿ ಫಂಕ್ಷನ್‌ನ ಮೇಲಿರುವ ಸ್ಟ್ರಿಕ್ಟ್ ಎಂಬ ಗುರುತು. ಅದಿದ್ದರೆ, ಕೊಟ್ಟ ಮೌಲ್ಯಗಳಲ್ಲಿ ಒಂದು ನಲ್ ಆದರೂ ಸಾಕು, ಫಂಕ್ಷನ್ ಓಡುವುದೇ ಇಲ್ಲ, ನೇರ ನಲ್ ಬರುತ್ತದೆ. ಒಳಗೆ ಸಂದೇಶ ತೋರಿಸುವ ರೈಸ್ ನೋಟೀಸ್ ಎಷ್ಟು ಹಾಕಿದರೂ ಒಂದೂ ಕಾಣದಿದ್ದರೆ ಈ ಗುರುತು ಉಂಟಾ ನೋಡಿ.

ಮೂರನೆಯದ್ದು ಸೆಲೆಕ್ಟ್ ಇಂಟು. ನಮ್ಮಲ್ಲಿ ಇದ್ದದ್ದು ಅದೇ. ಊರಿನ ಹೆಸರು ಕೊಟ್ಟು ಸಾಗಾಟದ ದರ ತರುವ ಸಾಲು:

ಸೆಲೆಕ್ಟ್ ದರ ಇಂಟು ಸಾಗಾಟ ಫ್ರಂ ಸಾಗಾಟ_ದರ ವೇರ್ ಊರು = ಸದಸ್ಯರ_ಊರು;

ಸಾಲು ಸಿಗದಿದ್ದರೆ ಇದು ತಕರಾರು ಮಾಡುವುದಿಲ್ಲ, ಸಾಗಾಟ ಎಂಬ ವೇರಿಯಬಲ್‌ಗೆ ನಲ್ ಹಾಕಿ ಮುಂದೆ ಹೋಗುತ್ತದೆ. ಎರಡು ಸಾಲು ಸಿಕ್ಕರೂ ತಕರಾರಿಲ್ಲ, ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಎರಡನೆಯದು ಇನ್ನೂ ಅಪಾಯ. ಅಡಿಕೆಯ ದರವನ್ನು ಹೀಗೆ ತರುವುದಾದರೆ ನೋಡಿ: ಹಳತು, ಹೊಸತು, ಪಟೋರ, ಉಳ್ಳಿಗಡ್ಡೆ, ಕೋಕ ಎಂದು ಒಂದೊಂದಕ್ಕೂ ಒಂದೊಂದು ದರ ಇರುತ್ತದೆ. ಬೆಳಿಗ್ಗೆ ಹಾಕಿದ ದರ ಮಧ್ಯಾಹ್ನ ಬದಲಾದ ದಿನ ಒಂದೇ ಜಾತಿಗೆ ಎರಡು ಸಾಲು ಇರುತ್ತವೆ. ಯಾವುದು ಬಂತು ಎಂದು ಹೇಳುವವರಿಲ್ಲ. ಇಂಟು ಆದ ಮೇಲೆ ಸ್ಟ್ರಿಕ್ಟ್ ಸೇರಿಸಿ, ಇಂಟು ಸ್ಟ್ರಿಕ್ಟ್ ಎಂದು ಬರೆಯಿರಿ. ಸಾಲು ಇಲ್ಲದಿದ್ದರೂ ಎರಡಿದ್ದರೂ ಆಗ ತಪ್ಪು ಎಂದು ಕೂಗಿ ಹೇಳುತ್ತದೆ. ಇದು ಫಂಕ್ಷನ್‌ನ ಮೇಲೆ ಹಾಕುವ ಸ್ಟ್ರಿಕ್ಟ್ ಅಲ್ಲ, ಹೆಸರು ಮಾತ್ರ ಒಂದೇ.

ಸ್ಟ್ರಿಕ್ಟ್ ಹಾಕಿ ಓಡಿಸಿದ ಕೂಡಲೇ "ಸಾಲು ಸಿಗಲಿಲ್ಲ" ಎಂಬ ತಪ್ಪು ಬಂತು. ಊರು ನೀರ್ಚಾಲು. ಸಾಗಾಟ_ದರ ತೆರೆದು ನೋಡಿದರೆ ನೀರ್ಚಾಲು ಕಣ್ಣೆದುರೇ ಇದೆ!

ಕಣ್ಣಿಗೆ ಒಂದೇ, ಒಳಗೆ ಎರಡು

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಕನ್ನಡದಲ್ಲಿ ಡೇಟಾ ಇಡುವ ಯಾರಿಗೂ ಬರಬಹುದಾದ ತೊಂದರೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಕನ್ನಡದ ಉದಾಹರಣೆ ಸಿಗುವುದು ಕಷ್ಟ.

ಖಾಲಿ ಚೀಟಿ ಬಂದವರ ಊರುಗಳನ್ನು ಒಟ್ಟು ಮಾಡಿದೆವು. ನೀರ್ಚಾಲು, ಬೇಳ, ಸೀತಾಂಗೋಳಿ, ಮುಳ್ಳೇರಿಯ. ಸರಿ ಬಂದವರ ಊರು ಬದಿಯಡ್ಕ, ಪೆರ್ಲ, ಕುಂಬಳೆ. ಹುಡುಗಿ ಎರಡು ಪಟ್ಟಿಯನ್ನೂ ಎರಡು ಸಲ ಓದಿದಳು. "ಅಣ್ಣಾ, ಖಾಲಿ ಬಂದದ್ದರಲ್ಲೆಲ್ಲ ದೀರ್ಘ ಉಂಟಲ್ವಾ?" ಎಂದಳು. ಗುಟ್ಟು ಅಲ್ಲೇ ಇತ್ತು.

ಕಂಪ್ಯೂಟರಿಗಾಗಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಇಡಬಹುದು. "ನೀ"ಯಲ್ಲಿರುವ ದೀರ್ಘ ಈ, "ಬೇ"ಯಲ್ಲಿರುವ ದೀರ್ಘ ಏ, "ಪೈ"ಯಲ್ಲಿರುವ ಐ, "ಕೊ"ದಲ್ಲಿರುವ ಒ, "ಗೋ"ದಲ್ಲಿರುವ ಓ. ಇವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಬಿಡಿ ತುಂಡುಗಳಾಗಿಯೂ ಇಡಬಹುದು. ದೀರ್ಘ ಈ ಅಂದರೆ ಹ್ರಸ್ವ ಇ ಜೊತೆಗೆ ದೀರ್ಘದ ಗುರುತು. ಓ ಅಂದರೆ ಮೂರು ತುಂಡು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬೈಟ್‌ಗಳನ್ನು ಹೋಲಿಸಿ ಸಮವೋ ಅಲ್ಲವೋ ಎಂದು ತೀರ್ಮಾನ ಮಾಡುತ್ತದೆ. ಅದಕ್ಕೆ ಇವು ಬೇರೆ ಬೇರೆ ಪದ.

ಉದ್ದ ಅಳೆದು ನೋಡಿದರೆ ಕೂಡಲೇ ಗೊತ್ತಾಗುತ್ತದೆ:

ಸೆಲೆಕ್ಟ್ ಊರು, ಚಾರ್_ಲೆಂತ್(ಊರು), ಆಕ್ಟೆಟ್_ಲೆಂತ್(ಊರು) ಫ್ರಂ ಸದಸ್ಯ;

ಸರಿಯಾಗಿ ಬರೆದ ನೀರ್ಚಾಲು ಅಂದರೆ 8 ಚಿಹ್ನೆ, 24 ಬೈಟ್. ಬಿಡಿ ತುಂಡಿನ ನೀರ್ಚಾಲು 9 ಚಿಹ್ನೆ, 27 ಬೈಟ್. ಬೇಳ 3 ಮತ್ತು 9 ಇರಬೇಕಾದಲ್ಲಿ 4 ಮತ್ತು 12 ಇತ್ತು. ಬದಿಯಡ್ಕ, ಪೆರ್ಲ, ಕುಂಬಳೆಗಳಲ್ಲಿ ಒಡೆಯುವ ಚಿಹ್ನೆಯೇ ಇಲ್ಲ, ಹಾಗಾಗಿ ಅವು ಪಾರಾದವು. ಹಳೇ ಸದಸ್ಯರ ಪಟ್ಟಿ ಒಂದು ಹಳೆ ಅಕ್ಷರ ಪರಿವರ್ತಕದ ಮೂಲಕ ಬಂದಿತ್ತು, ಅದು ಬಿಡಿ ತುಂಡುಗಳಾಗಿ ಬರೆದಿತ್ತು. ದರದ ಪಟ್ಟಿಯನ್ನು ಹುಡುಗಿ ಕೈಯಲ್ಲೇ ಟೈಪ್ ಮಾಡಿದ್ದಳು. ಒಂದೇ ಊರು ಎರಡು ಕಡೆ ಎರಡು ಬಗೆ ಆಯ್ತು.

ಪರಿಹಾರ ಸುಲಭ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಎಂಬ ಫಂಕ್ಷನ್ ಇದೆ, ಅದು ಬಿಡಿ ತುಂಡುಗಳನ್ನು ಸೇರಿಸಿ ಒಂದೇ ಚಿಹ್ನೆ ಮಾಡುತ್ತದೆ. ಡೇಟಾಬೇಸಿನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ, ಯುಟಿಎಫ್-8 ಇರಬೇಕು ಅಷ್ಟೇ.

ಅಪ್‌ಡೇಟ್ ಸದಸ್ಯ ಸೆಟ್ ಊರು = ನಾರ್ಮಲೈಸ್(ಊರು) ವೇರ್ ಊರು ಈಸ್ ನಾಟ್ ನಾರ್ಮಲೈಸ್ಡ್;

ಆಮೇಲೆ ಅದೇ ಕಾಲಂಗೆ ಊರು ಈಸ್ ನಾರ್ಮಲೈಸ್ಡ್ ಎಂಬ ಚೆಕ್ ಹಾಕಿದೆವು. ಇನ್ನು ಬಿಡಿ ತುಂಡಿನ ಪದ ಒಳಗೆ ಬರುವುದಿಲ್ಲ. ಹೊಸದಾಗಿ ಕಟ್ಟುವವರು ಊರಿಗೊಂದು ನಂಬರ್ ಕೊಟ್ಟು ನಂಬರಿನಲ್ಲೇ ಜೋಡಿಸುವುದು ಒಳ್ಳೆಯದು. ಹೆಸರನ್ನು ನಂಬಿ ಜಾಯಿನ್ ಮಾಡಿದಲ್ಲೆಲ್ಲ, ಅಂದರೆ ಟೇಬಲ್‌ಗಳನ್ನು ಜೋಡಿಸಿದಲ್ಲೆಲ್ಲ, ಇಂಥದ್ದು ಕಾದಿರುತ್ತದೆ.

ನಾರ್ಮಲೈಸ್ ಎಲ್ಲವನ್ನೂ ಸರಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. "ವಿನಯ್" ಎಂದು ಫೋನಿನಲ್ಲಿ ಟೈಪ್ ಮಾಡಿದಾಗ ಕೆಲವು ಕೀಲಿಮಣೆಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ. ಅಕ್ಷರಗಳು ಒತ್ತಾಗಿ ಅಂಟದಂತೆ ತಡೆಯುವ ಚಿಹ್ನೆ ಅದು, ಅದರ ಸಂಖ್ಯೆ 8204. ಪದದ ನಡುವೆ ಅದಕ್ಕೆ ಕೆಲಸ ಉಂಟು, "ವಿನಯ್‌ಕುಮಾರ್" ಎಂದು ಬಿಡಿಯಾಗಿ ಕಾಣಲು ಅದು ಬೇಕೇ ಬೇಕು. ಹಾಗಾಗಿ ಪೂರ್ತಿ ಅಳಿಸಬೇಡಿ. ಕೊನೆಯಲ್ಲಿರುವುದನ್ನು ಮಾತ್ರ ಟ್ರಿಮ್ ಮಾಡಿ.

ಕಾಸರಗೋಡಿನವರಿಗೆ ಮಲಯಾಳದ ತಲೆನೋವೂ ಸೇರಿಕೊಂಡಿದೆ. ಹೆಸರು ಕನ್ನಡದಲ್ಲಿ, ಪಂಚಾಯತಿನ ಕಾಗದದಿಂದ ಎತ್ತಿದ ವಿಳಾಸ ಮಲಯಾಳದಲ್ಲಿ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದ ವ್ಯಂಜನಕ್ಕಿರುವ ಅಕ್ಷರಗಳು) 2008ರಲ್ಲಿ ಬಂದ ಯೂನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಕೊಟ್ಟರು. ಅದಕ್ಕೆ ಮೊದಲು ವ್ಯಂಜನ, ಚಂದ್ರಕಲೆ (ಸ್ವರ ತೆಗೆಯುವ ಗುರುತು) ಮತ್ತು ಕಾಣದ ಒಂದು ಜೋಡಕ ಸೇರಿಸಿ ಬರೆಯುತ್ತಿದ್ದರು. ಹಳೆ ಕಡತದಲ್ಲಿ ಆ ರೂಪ, ಹೊಸದರಲ್ಲಿ ಈ ರೂಪ. ಈ ಎರಡನ್ನು ನಾರ್ಮಲೈಸ್ ಒಂದು ಮಾಡುವುದಿಲ್ಲ. ರಿಪ್ಲೇಸ್ ಬಳಸಿ ಒಂದೊಂದು ಚಿಲ್ಲಕ್ಷರವನ್ನೂ ನಾವೇ ಬದಲಿಸಬೇಕು.

ಮಾಷ್ಟ್ರ ಚೀಟಿ: ಜಾಸ್ತಿ ಬಂದ ಲೆಕ್ಕ

ಮಾಷ್ಟ್ರು ಪ್ರಾಮಾಣಿಕರು. ಜಾಸ್ತಿ ಬಂದದ್ದಕ್ಕೇ ಹೇಳಲು ಬಂದಿದ್ದರು. "ನನಗೆ ಇಷ್ಟು ಬರ್ಲಿಕ್ಕಿಲ್ಲ, ಎಲ್ಲೋ ತಪ್ಪಿದೆ ನೋಡಿ" ಅಂದರು.

ಅವರ ಖರೀದಿ ಮೂರು. ಕಿಲೋಗೆ 400 ರೂಪಾಯಿಯಂತೆ 100, 75, 50 ಕಿಲೋ ಎಂದಿಟ್ಟುಕೊಳ್ಳಿ. 40,000, 30,000, 20,000. ಒಟ್ಟು 90,000. ಮುಂಗಡ ಎರಡು, 10,000 ಮತ್ತು 5,000. ತಾವೇ ತಂದು ಹಾಕುವವರಾದ್ದರಿಂದ ಸಾಗಾಟ ಇಲ್ಲ. ಬಾಕಿ 75,000 ಬರಬೇಕು. ಚೀಟಿಯಲ್ಲಿ 1,35,000 ಇತ್ತು.

ಕ್ವೆರಿ ಸದಸ್ಯ ಟೇಬಲ್ ಅನ್ನು ಖರೀದಿಗೂ ಮುಂಗಡಕ್ಕೂ ಒಟ್ಟಿಗೇ ಜಾಯಿನ್ ಮಾಡಿ, ಆಮೇಲೆ ಸಮ್ ಹಾಕಿತ್ತು. ಸಮ್ ತೆಗೆದು ಬರೀ ಸಾಲುಗಳನ್ನು ನೋಡಿದೆವು. ಮೂರು ಖರೀದಿಯ ಒಂದೊಂದೂ ಎರಡು ಮುಂಗಡದ ಜೊತೆ ಸೇರಿ ಆರು ಸಾಲು ಆಗಿತ್ತು. ಪ್ರತಿ ಖರೀದಿ ಎರಡು ಸಲ, ಪ್ರತಿ ಮುಂಗಡ ಮೂರು ಸಲ. ಖರೀದಿ 1,80,000, ಮುಂಗಡ 45,000. ಕಳೆದರೆ 1,35,000. ಪೈಸೆ ಲೆಕ್ಕವೂ ತಾಳೆ ಆಯ್ತು.

ಎಲ್ಲರದ್ದೂ ಯಾಕೆ ತಪ್ಪಲಿಲ್ಲ? ಒಂದೇ ಖರೀದಿ, ಒಂದೇ ಮುಂಗಡ ಇದ್ದವರಿಗೆ ಒಂದೇ ಸಾಲು ಬರುತ್ತದೆ, ಲೆಕ್ಕ ಸರಿ ಇರುತ್ತದೆ. ಈ ದೋಷ ವರ್ಷಗಟ್ಟಲೆ ಅಡಗಿ ಕೂರುವುದು ಹೀಗೆ.

ಇಲ್ಲಿ ಹಲವರು ಕೂಡಲೇ ಸಮ್(ಡಿಸ್ಟಿಂಕ್ಟ್ ಮೊತ್ತ) ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಒಬ್ಬರು 20,000 ರೂಪಾಯಿಯ ಅಡಿಕೆಯನ್ನು ಎರಡು ಸಲ ಕೊಟ್ಟಿದ್ದರೆ ಆಗ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಬೆಳೆಗಾರನಿಗೆ ಬರಬೇಕಾದ ದುಡ್ಡೇ ಮಾಯ. ಸರಿಯಾದ ದಾರಿ ಮೊದಲು ಕೂಡಿಸಿ, ಆಮೇಲೆ ಜೋಡಿಸುವುದು. ಖರೀದಿಯನ್ನು ಸದಸ್ಯರ ನಂಬರ್ ಪ್ರಕಾರ ಗ್ರೂಪ್ ಬೈ ಮಾಡಿ ಒಬ್ಬರಿಗೆ ಒಂದೇ ಸಾಲು ಮಾಡಿ. ಮುಂಗಡಕ್ಕೂ ಹಾಗೆಯೇ. ಆ ಎರಡು ಪಟ್ಟಿಯನ್ನು ಸದಸ್ಯ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿ, ಇಲ್ಲದವರಿಗೆ ಕೊಅಲೆಸ್‌ನಿಂದ ಸೊನ್ನೆ ಕೊಡಿ.

ಮಾರ್ಚ್ 31

ಮೂರನೆಯವರ ದೂರು ಬೇಗ ಬಗೆಹರಿಯಿತು. 31ರಂದು ಕೊಟ್ಟ ಅಡಿಕೆ ಚೀಟಿಯಲ್ಲಿಲ್ಲ. ಕ್ವೆರಿಯಲ್ಲಿ ಸಮಯ ಬಿಟ್ವೀನ್ ಮಾರ್ಚ್ 1 ಆಂಡ್ ಮಾರ್ಚ್ 31 ಎಂದಿತ್ತು. ಆ ಕಾಲಂನಲ್ಲಿ ದಿನಾಂಕದ ಜೊತೆ ಗಂಟೆಯೂ ಇದೆ. ಮಾರ್ಚ್ 31 ಎಂದು ಮಾತ್ರ ಬರೆದರೆ ಅದರ ಅರ್ಥ ಆ ದಿನ ಶುರುವಾಗುವ ನಡುರಾತ್ರಿ ಹನ್ನೆರಡು ಗಂಟೆ. ಅದರ ನಂತರ ಬಂದದ್ದೆಲ್ಲ ಹೊರಗೆ. ಮಾರ್ಚ್ 1 ಅಥವಾ ಅದಕ್ಕಿಂತ ದೊಡ್ಡದು, ಏಪ್ರಿಲ್ 1ಕ್ಕಿಂತ ಚಿಕ್ಕದು ಎಂದು ಬರೆಯಿರಿ. ತಿಂಗಳಿಗೆ 30 ದಿನವೋ 31 ದಿನವೋ ಎಂದು ಯೋಚಿಸುವ ಕೆಲಸವೂ ಉಳಿಯುತ್ತದೆ.

ನಿಮ್ಮ ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇದ್ದರೆ ನಮ್ಮ ಬೆಳಿಗ್ಗೆ ಐದೂವರೆ ತನಕ ಅದಕ್ಕೆ ನಿನ್ನೆಯೇ. ರಾತ್ರಿ ಹನ್ನೆರಡರ ನಂತರ ಓಡುವ ಕೆಲಸದಲ್ಲಿ ಇವತ್ತಿನ ದಿನಾಂಕ ಕೊಡುವ ಕರೆಂಟ್_ಡೇಟ್ ಬಳಸಿದ್ದರೆ ದಿನ ಒಂದು ಹಿಂದೆ ಬೀಳುತ್ತದೆ.

ತಿದ್ದಿದರೂ ಬದಲಾಗದ ಫಂಕ್ಷನ್

ಮಧ್ಯಾಹ್ನ ಊಟ ಮುಗಿಸಿ ಬಂದು ತಿದ್ದಿದ ಫಂಕ್ಷನ್ ಹಾಕಿದೆವು. ಚೀಟಿ ಹಾಗೇ ತಪ್ಪು ಬಂತು. ಇನ್ನೊಮ್ಮೆ ಹಾಕಿದೆವು, ಮತ್ತೆ ಅದೇ.

ತಿದ್ದುವಾಗ ಫಂಕ್ಷನ್ ತೆಗೆದುಕೊಳ್ಳುವ ಎರಡು ದಿನಾಂಕಗಳ ಜಾತಿಯನ್ನು ಟೈಮ್‌ಸ್ಟ್ಯಾಂಪ್‌ನಿಂದ (ದಿನಾಂಕ ಮತ್ತು ಗಂಟೆ) ಡೇಟ್‌ಗೆ (ಬರೀ ದಿನಾಂಕ) ಬದಲಿಸಿದ್ದೆ. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್‌ನ ಗುರುತು ಬರೀ ಹೆಸರಲ್ಲ, ಹೆಸರು ಮತ್ತು ತೆಗೆದುಕೊಳ್ಳುವ ಮೌಲ್ಯಗಳ ಜಾತಿ (ಸಂಖ್ಯೆಯೋ ದಿನಾಂಕವೋ ಎಂಬ ಟೈಪ್), ಎರಡೂ ಸೇರಿ. ಜಾತಿ ಬದಲಿಸಿ ಕ್ರಿಯೇಟ್ ಆರ್ ರಿಪ್ಲೇಸ್ ಕೊಟ್ಟರೆ ಹಳೆಯದು ಹೋಗುವುದಿಲ್ಲ, ಪಕ್ಕದಲ್ಲಿ ಹೊಸದೊಂದು ಹುಟ್ಟುತ್ತದೆ. ಚೀಟಿಯ ಪ್ರೋಗ್ರಾಂ ಹಳೆಯದನ್ನೇ ಕರೆಯುತ್ತಿತ್ತು. ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಟೈಪ್ ಮಾಡುವ ಪಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಂನಲ್ಲಿ ಹಿಂದಕ್ಕೆ ಬಾಗಿದ ಗೀಟು ಹಾಕಿ ಡಿಎಫ್ ಮತ್ತು ಫಂಕ್ಷನ್‌ನ ಹೆಸರು ಕೊಟ್ಟರೆ ಎಷ್ಟಿವೆ ಎಂದು ಕಾಣುತ್ತದೆ. ಎರಡಿದ್ದವು. ಹಳೆಯದನ್ನು ಡ್ರಾಪ್ ಮಾಡಿದೆವು. ಡ್ರಾಪ್ ಮಾಡುವಾಗಲೂ ಮೌಲ್ಯಗಳ ಜಾತಿ ಬರೆದು ಯಾವುದನ್ನು ತೆಗೆಯಬೇಕು ಎಂದು ಖಚಿತವಾಗಿ ಹೇಳಿ.

ಇದರ ಪಕ್ಕದಲ್ಲೇ ಹೇಳಬೇಕಾದ ಇನ್ನೊಂದು ಉಂಟು. ಅಂದು ನಮಗೆ ಬರಲಿಲ್ಲ, ಹಿಂದೊಮ್ಮೆ ಬಂದಿತ್ತು. ಎಲ್ಲ ಸದಸ್ಯರಿಗೂ ಒಂದೇ ಮೊತ್ತ. ಫಂಕ್ಷನ್ ತೆಗೆದುಕೊಳ್ಳುವ ಮೌಲ್ಯಕ್ಕೂ ಕಾಲಂಗೂ ಒಂದೇ ಹೆಸರು ಇಟ್ಟಿದ್ದರು: ವೇರ್ ಸದಸ್ಯ_ನಂಬರ್ = ಸದಸ್ಯ_ನಂಬರ್. ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿಯ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲೇ ಬರೆದ ಫಂಕ್ಷನ್ ಎರಡನ್ನೂ ಕಾಲಂ ಎಂದು ತಿಳಿಯುತ್ತದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಎರಡನ್ನೂ ಕೊಟ್ಟ ಮೌಲ್ಯ ಎಂದು ತಿಳಿಯುತ್ತದೆ. ದಾರಿ ಬೇರೆ, ಫಲ ಒಂದೇ. ಷರತ್ತು ಯಾವಾಗಲೂ ನಿಜ, ಇಡೀ ಸಂಘದ ಮೊತ್ತ ಪ್ರತಿಯೊಬ್ಬರಿಗೂ. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವ ಇನ್ನೊಂದು ಭಾಷೆ ಪಿಎಲ್/ಪಿಜಿಎಸ್‌ಕ್ಯೂಎಲ್ ಮಾತ್ರ "ಯಾವುದು ಎಂದು ತಿಳಿಯುತ್ತಿಲ್ಲ" ಎಂದು ನಿಲ್ಲಿಸುತ್ತದೆ. ನಾನು ಈಗ ಫಂಕ್ಷನ್ ತೆಗೆದುಕೊಳ್ಳುವ ಪ್ರತಿ ಹೆಸರಿನ ಮುಂದೆ "ಕೊಟ್ಟ_" ಸೇರಿಸುತ್ತೇನೆ. ಕೊಟ್ಟ_ನಂಬರ್, ಕೊಟ್ಟ_ದಿನ. ಓದುವಾಗಲೂ ಚೆನ್ನಾಗಿ ತಿಳಿಯುತ್ತದೆ.

ನಿಧಾನ

ಲೆಕ್ಕ ಸರಿ ಆದ ಮೇಲೆ ಉಳಿದದ್ದು ವೇಗ. ಒಂದು ಚೀಟಿಗೆ ಮೂರು ನಾಲ್ಕು ಸೆಕೆಂಡ್. ಸಾಲಿನಲ್ಲಿ ನಿಂತವರಿಗೆ ಅದು ಜಾಸ್ತಿಯೇ.

ಕ್ವೆರಿ ಹೇಗೆ ಓಡಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ಫಂಕ್ಷನ್ ಕರೆದರೆ ಒಂದೇ ಸಾಲು ಬರುತ್ತದೆ. ಪಿಎಲ್/ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ನ ಒಳಗೆ ಏನಾಯಿತು ಎಂದು ಅದು ತೋರಿಸುವುದಿಲ್ಲ. ಒಳಗಿನದ್ದು ಕಾಣಬೇಕಾದರೆ ಆಟೋ_ಎಕ್ಸ್‌ಪ್ಲೇನ್ ಲೋಡ್ ಮಾಡಿ, ಲಾಗ್_ಮಿನ್_ಡ್ಯುರೇಶನ್ 0 ಮಾಡಿ, ಲಾಗ್_ನೆಸ್ಟೆಡ್_ಸ್ಟೇಟ್‌ಮೆಂಟ್ಸ್ ಆನ್ ಮಾಡಿ. ಆಗ ಒಳಗಿನ ಪ್ರತಿ ಕ್ವೆರಿಯ ಪ್ಲಾನ್, ಅಂದರೆ ಡೇಟಾ ಹುಡುಕುವ ದಾರಿ, ಲಾಗ್‌ನಲ್ಲಿ ಸಿಗುತ್ತದೆ. ಲೋಡ್ ಮಾಡಲು ಸೂಪರ್‌ಯೂಸರ್ ಹಕ್ಕು ಬೇಕು.

ಹಾಗೆ ನೋಡಿದಾಗ ವಿಚಿತ್ರ ಕಂಡಿತು. ಅದೇ ಕ್ವೆರಿಯನ್ನು ಹೊರಗೆ 417 ಎಂದು ನಂಬರ್ ಹಾಕಿ ಓಡಿಸಿದರೆ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಹಿಡಿದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬರುತ್ತದೆ. ಒಳಗೆ ಮಾತ್ರ ಇಡೀ ಖರೀದಿ ಟೇಬಲ್ ಓದುತ್ತಿದೆ. ಕಾಲಂ ಪೂರ್ಣಾಂಕದ್ದು, ಫಂಕ್ಷನ್ ತೆಗೆದುಕೊಳ್ಳುವ ಮೌಲ್ಯ ನ್ಯೂಮೆರಿಕ್, ಅಂದರೆ ದಶಮಾಂಶವೂ ಇರಬಹುದಾದ ಸಂಖ್ಯೆ. ಎರಡನ್ನು ಹೋಲಿಸಲು ಪೋಸ್ಟ್‌ಗ್ರೆಸ್ ಕಾಲಂನ ಪ್ರತಿ ಸಾಲನ್ನೂ ನ್ಯೂಮೆರಿಕ್‌ಗೆ ಬದಲಿಸಬೇಕು, ಆಗ ಪೂರ್ಣಾಂಕದ ಮೇಲೆ ಕಟ್ಟಿದ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಜಾತಿ ಸರಿ ಮಾಡಿದ ಕೂಡಲೇ ವೇಗ ಬಂತು.

ಆದ್ದರಿಂದ ಕ್ವೆರಿಯನ್ನು ಹೊರಗೆ ತರುವಾಗ ಬರೀ ನಂಬರ್ ಹಾಕಬೇಡಿ, ಒಳಗಿದ್ದ ಜಾತಿಯನ್ನೂ ಜೊತೆಗೆ ತನ್ನಿ. ಕಾಸ್ಟ್(417 ಆ್ಯಸ್ ನ್ಯೂಮೆರಿಕ್) ಎಂದು ಬರೆದಿದ್ದರೆ ನಮಗೆ ಹೊರಗೇ ನಿಧಾನ ಕಾಣುತ್ತಿತ್ತು. ಜಾತಿ ಬಿಟ್ಟು ತಂದರೆ ದೋಷ ಒಳಗೇ ಉಳಿದುಬಿಡುತ್ತದೆ.

ಇಂಡೆಕ್ಸ್ ಇದೆಯೇ ಎಂದೂ ನೋಡಿ. ಫಾರಿನ್ ಕೀ (ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹಾಕುವ ಕೊಂಡಿ) ಹಾಕಿದ್ದೇನಲ್ಲ, ಇಂಡೆಕ್ಸ್ ತಾನಾಗಿ ಬಂದಿರುತ್ತದೆ ಎಂದು ಮೈಎಸ್‌ಕ್ಯೂಎಲ್‌ನಿಂದ ಬಂದವರು ಭಾವಿಸುತ್ತಾರೆ. ಅಲ್ಲಿ ಡೇಟಾ ಇಡುವ ಇನ್ನೋಡಿಬಿ ಎಂಬ ವ್ಯವಸ್ಥೆಯಲ್ಲಿ ಹೌದು. ಪೋಸ್ಟ್‌ಗ್ರೆಸ್‌ನಲ್ಲಿ ನಾವೇ ಕಟ್ಟಬೇಕು.

ನಮ್ಮಲ್ಲಿ ಇನ್ನೊಂದು ಸಣ್ಣ ಫಂಕ್ಷನ್ ಉಂಟು, ವರ್ಷ_ಆರಂಭ. ಈ ಹಣಕಾಸು ವರ್ಷದ ಏಪ್ರಿಲ್ 1 ಅನ್ನು ಕೊಡುತ್ತದೆ. ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಗುರುತು ಇಲ್ಲದ್ದನ್ನು ಪೋಸ್ಟ್‌ಗ್ರೆಸ್ ವೊಲಟೈಲ್ ಎಂದು ತಿಳಿಯುತ್ತದೆ. ಅಂದರೆ ಪ್ರತಿ ಸಲವೂ ಬೇರೆ ಉತ್ತರ ಬರಬಹುದು ಎಂದು ಸಾಲು ಸಾಲಿಗೂ ಕರೆಯುತ್ತದೆ, ಇಂಡೆಕ್ಸ್ ಬಳಸುವುದಿಲ್ಲ. ಸ್ಟೇಬಲ್ ಎಂದು ಗುರುತು ಹಾಕಿದರೆ ಸಾಕು. ಇಮ್ಯೂಟಬಲ್ ಎಂದು ಮಾತ್ರ ಹಾಕಬೇಡಿ. ಅದು ಇವತ್ತಿನ ದಿನಾಂಕ ನೋಡಿ ಉತ್ತರ ಕೊಡುವ ಫಂಕ್ಷನ್. ಇಮ್ಯೂಟಬಲ್ ಎಂದರೆ ಪ್ಲಾನ್ ಮಾಡುವಾಗಲೇ ಉತ್ತರ ಗಟ್ಟಿಯಾಗಿಬಿಡಬಹುದು. ಏಪ್ರಿಲ್ ಬಂದರೂ ಹಳೆ ವರ್ಷವೇ ಉಳಿದೀತು.

ಐದು ಸಲ ಬೇಗ ಬಂದು ಆರನೆಯ ಸಲದಿಂದ ನಿಧಾನವಾಗುವ ಫಂಕ್ಷನ್ ಕಂಡರೆ ಗಾಬರಿ ಬೇಡ. ಪಿಎಲ್/ಪಿಜಿಎಸ್‌ಕ್ಯೂಎಲ್‌ನ ಕ್ವೆರಿಗೆ ಪೋಸ್ಟ್‌ಗ್ರೆಸ್ ಮೊದಲ ಐದು ಸಲ ಕೊಟ್ಟ ಮೌಲ್ಯ ನೋಡಿ ಪ್ಲಾನ್ ಮಾಡುತ್ತದೆ. ಆಮೇಲೆ ಎಲ್ಲರಿಗೂ ಆಗುವ ಒಂದು ಸಾಮಾನ್ಯ ಪ್ಲಾನ್ ಹೆಚ್ಚು ದುಬಾರಿಯಲ್ಲ ಎಂದು ಅಂದಾಜಿಸಿದರೆ ಅದನ್ನೇ ಇಟ್ಟುಕೊಳ್ಳುತ್ತದೆ. ಸದಸ್ಯರಲ್ಲದವರ ಚಿಲ್ಲರೆ ಖರೀದಿಯನ್ನೆಲ್ಲ ಒಂದೇ ನಂಬರಿಗೆ ಹಾಕಿದ್ದರೆ, ಉಳಿದವರಿಗೆ ಸರಿಯಾದ ಪ್ಲಾನ್ ಆ ಒಂದು ನಂಬರಿಗೆ ಕೆಟ್ಟದಾಗುತ್ತದೆ. ಪ್ಲಾನ್_ಕ್ಯಾಶ್_ಮೋಡ್ ಎಂಬ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 12ರಿಂದ ಇದೆ. ಫೋರ್ಸ್_ಜೆನೆರಿಕ್_ಪ್ಲಾನ್ ಕೊಟ್ಟು ಓಡಿಸಿ, ಮೊದಲ ಸಲವೇ ನಿಧಾನವಾದರೆ ಕಾರಣ ಇದೇ. ಆಲ್ಟರ್ ಫಂಕ್ಷನ್ ಮೂಲಕ ಆ ಒಂದು ಫಂಕ್ಷನ್‌ಗೆ ಮಾತ್ರ ಫೋರ್ಸ್_ಕಸ್ಟಮ್_ಪ್ಲಾನ್ ಹಾಕಿ. ಇಡೀ ಸರ್ವರ್‌ಗೆ ಹಾಕುವುದು ಬೇಡ.

ಸಂಜೆ ಐದೂವರೆಗೆ ಬೆಳಗಿನ ಕಾಗದ ತೆಗೆದು ಮೂವರ ನಂಬರನ್ನೂ ಮತ್ತೆ ಹಾಕಿ ನೋಡಿದೆವು. ಮೂರೂ ತಾಳೆ ಆಯ್ತು. ಹುಡುಗಿ ಆ ಮೂರು ಲೆಕ್ಕವನ್ನು ಒಂದು ಕಡತದಲ್ಲಿ ಕ್ವೆರಿಯಾಗಿ ಬರೆದಿಟ್ಟಳು. ಫಂಕ್ಷನ್ ತಿದ್ದಿದಾಗಲೆಲ್ಲ ಈಗ ಮೊದಲು ಅದನ್ನೇ ಓಡಿಸುತ್ತಾಳೆ. ಮಾಷ್ಟ್ರು ಮರುದಿನ ಬಂದು 75,000ದ ಚೀಟಿ ತೆಗೆದುಕೊಂಡು ಹೋದರು.